ಸಾರ್ವಜನಿಕ ಚಮಚ

ತನ್ನ ಅಂಗೈ ಇಷ್ಟು ಹೊಲಸೆಂದು ಪಿಕುಲ್‌ಗೆ ಐವತ್ತನಾಲ್ಕು ವರ್ಷ ಯಾರೂ ಹೇಳಿರಲಿಲ್ಲ. ಹೇಳಿದವರು ಆರೋಗ್ಯ ಠಾಣೆಯ ನರ್ಸಮ್ಮ. ಸುತ್ತಮುತ್ತಲ ಊರುಗಳ ಆರೋಗ್ಯ ಸ್ವಯಂಸೇವಕಿಯರನ್ನೆಲ್ಲ ತರಬೇತಿಗೆ ಕರೆಸಿ, ಕೈಗೆ ಯಾವುದೋ ಪುಡಿ ಹಚ್ಚಿ, "ಈಗ ಸೋಪು ಹಾಕಿ ಚೆನ್ನಾಗಿ ತೊಳ್ಕೊಂಡು ಬನ್ನಿ" ಎಂದರು. ಪಿಕುಲ್ ಮೂರು ಸಲ ತೊಳೆದಳು. ಆಮೇಲೆ ದೀಪ ಆರಿಸಿ ನೀಲಿ ಟಾರ್ಚು ಬಿಟ್ಟಾಗ ಅವಳ ಉಗುರಿನ ಸಂದು, ಬೆರಳಿನ ಗೆಣ್ಣು, ಉಂಗುರದ ಸುತ್ತಮುತ್ತ ಎಲ್ಲ ಮಿಣಮಿಣ ಹೊಳೆಯಿತು. "ಹೊಳೀತಿರೋದೆಲ್ಲ ನೀವು ತೊಳೀದೆ ಬಿಟ್ಟ ಜಾಗ. ರೋಗಾಣು ಉಳಿಯೋದೇ ಅಲ್ಲಿ" ಎಂದರು ನರ್ಸಮ್ಮ. ಪಿಕುಲ್‌ಗೆ ತಲೆ ಸುತ್ತಿದಂತಾಗಿ ಕುರ್ಚಿ ಹಿಡಿದುಕೊಂಡಳು. (ಆ ಕುರ್ಚಿಯನ್ನು ಇನ್ನೆಷ್ಟು ಜನ ಹಿಡಿದಿದ್ದಾರೋ ಎಂದು ಹೊಳೆದ ಕೂಡಲೇ ಬಿಟ್ಟೂಬಿಟ್ಟಳು.)

ಆ ಆಘಾತವನ್ನು ಹೊತ್ತುಕೊಂಡೇ ಸ್ಕೂಟರಿನಲ್ಲಿ ತನ್ನೂರು ನೋಂಗ್‌ಖಾಗೆ ಮರಳಿ, ಎತ್ತರದ ಕಂಬಗಳ ಮೇಲೆ ನಿಂತ ಮನೆಯ ಏಣಿಮೆಟ್ಟಿಲು ಹತ್ತಿ ನೋಡಿದರೆ, ಎರಡನೆಯ ಆಘಾತ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿತ್ತು. ಅವಳ ತಾಯಿ ತುಮ್ಮಾ ಅಜ್ಜಿ ಮತ್ತು ಗಂಡ ಖಾಂಪಾನ್ ಊಟ ಮಾಡುತ್ತಿದ್ದರು. ಒಂದೇ ಬಿದಿರ ಬುಟ್ಟಿಯಿಂದ ಅಂಟಕ್ಕಿ ಅನ್ನ ಕೀಳುವುದು, ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡುವುದು, ಒಂದೇ ಬಟ್ಟಲಿನ ಮೀನಿನ ಗೊಜ್ಜಿಗೆ ಅದ್ದುವುದು. ಕಳಲೆ ಸಾರಿಗೆ ಮಾತ್ರ ಚಮಚವಿತ್ತು, ಅದೂ ಒಂದೇ. ಅಜ್ಜಿ ಒಂದು ಗುಟುಕು ಹೀರಿ ಅಳಿಯನಿಗೆ ಕೊಡುತ್ತಿದ್ದಳು, ಅಳಿಯ ಹೀರಿ ಅತ್ತೆಗೆ ಹಿಂದಿರುಗಿಸುತ್ತಿದ್ದ. ಬೆಳಿಗ್ಗೆಯಷ್ಟೇ ಪಿಕುಲ್ ಕೂಡ ಅದೇ ಸರದಿಯಲ್ಲಿ ಕೂತು ಹೀರಿ ಹೋಗಿದ್ದಳು.

"ಅವ್ವ, ಆ ಚಮಚ ಕೆಳಗಿಡು. ನಿನ್ನ ಎಂಜಲು ಅವರ ಬಾಯಿಗೆ ಹೋಗ್ತಿದೆ."

ಅಜ್ಜಿ ಅಳಿಯನ ಕಡೆ ತಿರುಗಿದಳು. "ಹೌದೇನಪ್ಪಾ, ಹೋಗ್ತಿದ್ಯಾ?"

"ಮೂವತ್ತು ವರ್ಷದಿಂದ ಹೋಗ್ತಿದೆ ಅತ್ತೆ. ಏನೂ ಆಗಿಲ್ಲ" ಎಂದ ಖಾಂಪಾನ್. ಆ ಸೀಮೆಯ ಎಲ್ಲ ಗಂಡಸರಂತೆ ಅವನೂ ಮದುವೆಯಾದ ದಿನ ಹೆಂಡತಿಯ ಮನೆಗೆ ಬಂದು ಸೇರಿದವನು. ಎರಡು ಹೆಂಗಸರ ನಡುವೆ ಬದುಕುವ ವಿದ್ಯೆ ಅವನಿಗೆ ಚೆನ್ನಾಗಿ ಕರಗತವಾಗಿತ್ತು.

"ಏನೂ ಆಗಿಲ್ವಾ? ನಾಲ್ಕು ಹಲ್ಲು ಉದುರಿಲ್ವಾ?"

"ಅದು ನನ್ನ ಎಂಜಲಿಗಲ್ಲ ಕಣೇ. ನೀನು ಬೇಯಿಸೋ ಕಳಲೆಗೆ" ಎಂದು ಅಜ್ಜಿ ಇನ್ನೊಂದು ಗುಟುಕು ಹೀರಿದಳು.

ಬೇರೆ ಸಮಯದಲ್ಲಾಗಿದ್ದರೆ ಪಿಕುಲ್ ಇದನ್ನು ಇಷ್ಟಕ್ಕೇ ಬಿಡುತ್ತಿದ್ದಳೋ ಏನೋ. ಆದರೆ ಮುಂದಿನ ಭಾನುವಾರ ಪಟ್ಟಣದಿಂದ ಮಗಳು ವಿಲಾವನ್ ಬರುವವಳಿದ್ದಳು, ನಲವತ್ತು ದಿನದ ಹೆಣ್ಣುಕೂಸನ್ನು ಎತ್ತಿಕೊಂಡು. ಮನೆಯ ಮೊದಲ ಮೊಮ್ಮಗು. ಮಗುವಿಗೂ ಮನೆಯವರಿಗೂ ರಕ್ಷೆಯೆಂದು ಮಣಿಕಟ್ಟಿಗೆ ಬಿಳಿ ನೂಲು ಕಟ್ಟುವ ಶಾಸ್ತ್ರ ಇಲ್ಲೇ ಆಗಬೇಕಿತ್ತು. ಪಿಕುಲ್ ಆ ಮಗುವನ್ನು ಫೋನಿನಲ್ಲಿ ಬಿಟ್ಟರೆ ಕಂಡಿರಲಿಲ್ಲ. ಅದರ ಕೆನ್ನೆಗೆ ಮೂಗು ಒತ್ತಿ ಉದ್ದಕ್ಕೆ ಒಮ್ಮೆ ಮೂಸಬೇಕು, ಅಷ್ಟಾದರೆ ಈ ಜನ್ಮಕ್ಕೆ ಸಾಕು ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡಿದ್ದಳು. ಆದರೆ ವಿಲಾವನ್ ಹೋದ ವಾರವೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು: "ಎಲ್ಲ ಕಡೆ ಕಣ್ಬೇನೆ ಎದ್ದಿದೆ ಅವ್ವ. ಕಣ್ಣು ಕೆಂಪಾದವರ ಕೈಗೆ ಮಗೂನ ಕೊಡಲ್ಲ. ಅಜ್ಜಿಗೂ ಹೇಳಿಬಿಡು."

ಅಜ್ಜಿಗೂ ಎಂದದ್ದಕ್ಕೆ ಕಾರಣವಿತ್ತು. ತುಮ್ಮಾ ಅಜ್ಜಿ ಊರಿನ ಊದುವ ವೈದ್ಯೆ. ಸರ್ಪಸುತ್ತು, ಕೆಪ್ಪಟರಾಯ, ಕಣ್ಬೇನೆ, ಮಗುವಿನ ರಚ್ಚೆ, ಯಾವುದೇ ಇರಲಿ, ಎಲೆ ಅಡಿಕೆ ಜಗಿದು, ಮಂತ್ರ ಗೊಣಗಿ, ಮೂರು ಸಲ ಉಫ್ ಎಂದು ಊದುತ್ತಿದ್ದಳು. ಗಾಳಿಯ ಜತೆಗೆ ಒಂದಿಷ್ಟು ಕೆಂಪು ತುಂತುರೂ ಬರುತ್ತಿತ್ತು. ಅದು ಬಿದ್ದರೇನೇ ಗುಣ ಎಂದು ಜನ ಮುಖ ಒಡ್ಡುತ್ತಿದ್ದರು. ಆರೋಗ್ಯ ಸ್ವಯಂಸೇವಕಿಯ ಸ್ವಂತ ಮನೆಯಲ್ಲೇ ಇಂಥದ್ದೊಂದು ತುಂತುರು ನೀರಾವರಿ ನಡೆದಿದೆ ಎಂಬುದು ನರ್ಸಮ್ಮನಿಗೆ ತಿಳಿದರೆ ತನ್ನ ಗತಿಯೇನು ಎಂದು ಪಿಕುಲ್ ಆ ರಾತ್ರಿ ನಿದ್ದೆಗೆಟ್ಟಳು.

ಮರುದಿನದಿಂದ ಮನೆಯಲ್ಲಿ ಹೊಸ ಆಡಳಿತ ಜಾರಿಗೆ ಬಂತು. ಲೋಟ, ತಟ್ಟೆ, ಟವೆಲು ಎಲ್ಲಕ್ಕೂ ಬಿಳಿ ಪಟ್ಟಿ ಅಂಟಿಸಿ ಹೆಸರು ಬರೆದದ್ದಾಯಿತು. ನೀರಿನ ಗುಡಾಣದ ಮೇಲಿದ್ದ ತೆಂಗಿನ ಚಿಪ್ಪಿನ ಸೌಟನ್ನು ಗಡೀಪಾರು ಮಾಡಿದ್ದಾಯಿತು. ಅಜ್ಜಿಯ ಉಗುಳುವ ಡಬ್ಬಿ ಮುಚ್ಚಳ ಕಂಡಿತು. ಇದೆಲ್ಲಕ್ಕೂ ಶಿಖರಪ್ರಾಯವಾಗಿ ಸಂತೆಯಿಂದ ಒಂದು ದೊಡ್ಡ ಸ್ಟೀಲಿನ ಚಮಚ ಬಂತು. ಹಿಡಿಗೆ ಕೆಂಪು ರಿಬ್ಬನ್ನು ಕಟ್ಟಿ, "ಇದು ಸಾರ್ವಜನಿಕ ಚಮಚ. ಬಡಿಸಿಕೊಳ್ಳೋದಕ್ಕೆ ಮಾತ್ರ. ಯಾರೂ ಬಾಯಿಗೆ ತಾಗಿಸೋ ಹಂಗಿಲ್ಲ" ಎಂದು ಪಿಕುಲ್ ಅಪ್ಪಣೆ ಕೊಟ್ಟಳು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸತ್ತವರಿಗೆ ಎಡೆ ಇಡೋಕೂ ನಾವು ಇಷ್ಟು ದೂರದಿಂದ ಬಡಿಸಲ್ಲ" ಎಂದಳು.

"ಇನ್ನೊಂದು ಮಾತು ಅವ್ವ. ಭಾನುವಾರ ಮಗೂನ ನೆತ್ತಿ ಮೇಲೆ ಊದಂಗಿಲ್ಲ."

ಅಜ್ಜಿ ಜಗಿಯುವುದನ್ನು ನಿಲ್ಲಿಸಿದಳು. "ನಿನಗೆ ಮೂರು ತಿಂಗಳಿದ್ದಾಗ ಕಣ್ಣು ಮೇಲೆ ಮಾಡಿದ್ದೆ. ಆಗ ಠಾಣೆನೂ ಇರ್ಲಿಲ್ಲ, ನರ್ಸಮ್ಮನೂ ಇರ್ಲಿಲ್ಲ. ರಾತ್ರಿಯೆಲ್ಲ ನಿನ್ನ ನೆತ್ತಿ ಮೇಲೆ ಊದಿ ಊದಿ ನನ್ನ ತುಟಿ ಒಡೆದಿತ್ತು. ಅದನ್ನೂ ಬರ್ಕೋ ನಿನ್ನ ಆರೋಗ್ಯದ ಪುಸ್ತಕದಲ್ಲಿ."

ಪಿಕುಲ್‌ಗೆ ಚುರುಕ್ಕೆಂದಿತು. ಆದರೂ ಆರೋಗ್ಯದ ವಿಷಯದಲ್ಲಿ ದಾಕ್ಷಿಣ್ಯ ಕೂಡದೆಂದು ತರಬೇತಿಯಲ್ಲಿ ಹೇಳಿದ್ದರು. ಅವಳು ಪಟ್ಟಿ ಅಂಟಿಸುತ್ತ ಕೂತಳು.

ಬುಧವಾರ ಉಪೋಸಥ, ಬೌದ್ಧರ ವ್ರತದ ದಿನ. ಭಿಕ್ಷುಗಳ ಊಟವಾದ ಮೇಲೆ ವಿಹಾರದ ಹಜಾರದಲ್ಲಿ ಊರವರು ಉದ್ದಕ್ಕೆ ಚಾಪೆ ಹಾಸಿ ಒಟ್ಟಿಗೆ ಉಣ್ಣುವುದು ವಾಡಿಕೆ. ಪಿಕುಲ್ ಸಾರ್ವಜನಿಕ ಚಮಚವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಲ್ಲಿಗೆ ಒಯ್ದಳು. ಪಂಕ್ತಿಯ ತಲೆಗೆ ಕೂತಿದ್ದ ಸೀಹಾ ತಾತ ಎಡಗಣ್ಣು ಉಜ್ಜಿಕೊಳ್ಳುತ್ತ, "ಮೆಣಸಿನ ಘಾಟು ಕಣವ್ವ" ಎಂದು ಮೊದಲು ಚಮಚ ಹಿಡಿದ. ಅಲ್ಲಿಂದ ಚಮಚ ಕೈಯಿಂದ ಕೈಗೆ ಮೂವತ್ತೊಂದು ಜನರನ್ನು ದಾಟಿತು. ಪಿಕುಲ್ ಪಕ್ಕದಲ್ಲೇ ಮಂಡಿಯೂರಿ ಸಾಗುತ್ತ, ಒಬ್ಬೊಬ್ಬರು ಬಡಿಸಿಕೊಂಡ ಮೇಲೂ ಚಮಚದ ಬಾಯನ್ನು ಕುದಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು. ಒರೆಸಿ, ಮುಂದಿನವರಿಗೆ ತಾನೇ ಕೈಯಾರೆ ಕೊಟ್ಟಳು. ಕೊನೆಗೆ ಅದೇ ಚಮಚದಿಂದ ತಾನೂ ಬಡಿಸಿಕೊಂಡು, ಜನ್ಮದಲ್ಲೇ ಮೊದಲ ಸಲ ಎಂಬಂತೆ ನೆಮ್ಮದಿಯಿಂದ ಉಂಡಳು. ಈ ಸುಧಾರಣೆಗೆ ಸೊಪ್ಪು ಹಾಕದವರು ಇಬ್ಬರೇ. ತುಮ್ಮಾ ಅಜ್ಜಿ ಕಂಬಕ್ಕೆ ಒರಗಿ, ಎಲ್ಲರಿಗೂ ಬೆನ್ನು ಮಾಡಿ, ಸೆರಗಿನ ಗಂಟಿನಲ್ಲಿ ತಂದಿದ್ದ ಒಣಮೀನು ಮತ್ತು ಅನ್ನ ತಿಂದಳು. ಖಾಂಪಾನ್ ಗದ್ದೆಯ ನೀರು ನೋಡಿ ಬರುತ್ತೇನೆಂದು ಹೋದವನು ಅಲ್ಲೇ ಕಪ್ಪೆ ಹಿಡಿದು ಸುಟ್ಟು ಊಟ ಮುಗಿಸಿದ.

ಶುಕ್ರವಾರ ಬೆಳಿಗ್ಗೆ ಊರಿನ ಕಣ್ಣು ಕೆಂಪಗೆ ತೆರೆಯಿತು.

ಮೊದಲು ಸೀಹಾ ತಾತನ ಎರಡೂ ಕಣ್ಣು, ಆಮೇಲೆ ಅವನ ಹೆಂಡತಿ, ಆಮೇಲೆ ಊರ ಮುಖಂಡ ಪ್ರಸೋಂಗ್. ಹೊತ್ತೇರುವಷ್ಟರಲ್ಲಿ ಏಳು ಜನ ತುಮ್ಮಾ ಅಜ್ಜಿಯ ಮುಂದೆ ಊದಿಸಿಕೊಳ್ಳಲು ಸಾಲುಗಟ್ಟಿದ್ದರು. ಪಿಕುಲ್ ಅವರನ್ನೆಲ್ಲ ಪೊರಕೆ ಹಿಡಿದು ಓಡಿಸಿ, ನೆಟ್ಟಗೆ ಮುಖಂಡನ ಮನೆಗೆ ಹೋಗಿ ಊರಿನ ಧ್ವನಿವರ್ಧಕದ ಮುಂದೆ ನಿಂತಳು. ಪ್ರಸೋಂಗ್ ಒಂದು ಕಣ್ಣು ಮುಚ್ಚಿಕೊಂಡೇ ಗುಂಡಿ ಒತ್ತಿದ.

"ಊರಿನ ಜನರೆಲ್ಲ ಕೇಳಿಸ್ಕೊಳ್ಳಿ. ಕಣ್ಣು ಕೆಂಪಾದವರು ಏಳು ದಿನ ಮನೆ ಕೆಳಗಡೆನೇ ಇರತಕ್ಕದ್ದು. ತಟ್ಟೆ ಲೋಟ ಬೇರೆ. ಮಕ್ಕಳಿಂದ ಎರಡು ಮಾರು ದೂರ. ಯಾರೇ ಆಗ್ಲಿ, ಮುಖಂಡರಾಗ್ಲಿ, ಮುದುಕರಾಗ್ಲಿ, ನಮ್ಮನೆಯವರಾಗ್ಲಿ, ಮುಲಾಜಿಲ್ಲ. ಊದಿಸ್ಕೊಳ್ಳೋಕೆ ಯಾರ ಮನೆಗೂ ಹೋಗಕೂಡದು. ರೋಗ ಹಬ್ಬಿಸ್ತಿರೋ ಬಾಯಿ ಯಾವುದು ಅಂತ ನಾನು ಪತ್ತೆ ಹಚ್ಚಿಯೇ ಹಚ್ತೀನಿ."

ಬಾಯಿ ಯಾವುದೆಂದು ಊರಿಗೆಲ್ಲ ಅರ್ಥವಾಯಿತು. ಮನೆಗೆ ಬಂದರೆ ಬಾಯಿ ಮೌನವ್ರತ ಹಿಡಿದು ಮೂಲೆಯಲ್ಲಿ ಕೂತಿತ್ತು.

"ಅತ್ತೆ ಬೆಳಿಗ್ಗೆಯಿಂದ ಎಲೆ ಅಡಿಕೆ ಮುಟ್ಟಿಲ್ಲ ಕಣೆ" ಎಂದ ಖಾಂಪಾನ್ ಮೆಲ್ಲಗೆ. "ಊರಿಗೆಲ್ಲ ಕೇಳೋ ಹಾಗೆ ಅನ್ನಬಾರದಿತ್ತು."

"ಮಗೂಗೆ ಏನಾದ್ರೂ ಆದ್ರೆ?"

"ಅದೂ ಸರಿಯೇ" ಎಂದು ಖಾಂಪಾನ್ ಗದ್ದೆಗೆ ಹೊರಟ. ಗದ್ದೆ ಅವನಿಗೆ ಬಹಳ ಅನುಕೂಲದ ಜಾಗವಾಗಿತ್ತು.

ಶನಿವಾರ ಪಿಕುಲ್ ಪುಸ್ತಕ ಹಿಡಿದು ತನಿಖೆಗೆ ಹೊರಟಳು. ಒಟ್ಟು ಹತ್ತೊಂಬತ್ತು ಕೆಂಪು ಕಣ್ಣಿನವರು. ಎಲ್ಲರಿಗೂ ಒಂದೇ ಪ್ರಶ್ನೆ: ಕಣ್ಣು ಕೆಂಪಾದದ್ದು ಊದಿಸಿಕೊಳ್ಳುವ ಮೊದಲೋ ಆಮೇಲೋ? ಎಲ್ಲರದೂ ಒಂದೇ ಉತ್ತರ: ಮೊದಲೇ. ಕೆಂಪಾಗದೆ ಊದಿಸಿಕೊಳ್ಳೋಕೆ ನಮಗೇನು ಹುಚ್ಚೇ? ಪಿಕುಲ್‌ಗೆ ಈ ಉತ್ತರ ಒಂದು ಚೂರೂ ಹಿಡಿಸಲಿಲ್ಲ. ಕೊನೆಗೆ ಸೀಹಾ ತಾತನ ಮನೆಯ ಕೆಳಗೆ ಎರಡು ಮಾರು ದೂರ ನಿಂತು ಕೇಳಿದಳು, "ನಿಂಗೆ ಯಾವಾಗ ಶುರುವಾಯ್ತು ತಾತ?"

"ಮಂಗಳವಾರ ರಾತ್ರಿನೇ ಕಡಿತಿತ್ತು. ಬುಧವಾರ ವಿಹಾರದಲ್ಲಂತೂ ತಡೀಲಾರದಷ್ಟು."

"ಮೆಣಸಿನ ಘಾಟು ಅಂದೆ?"

"ಘಾಟು ಅನ್ಕೊಂಡೆ. ಹಿಂಗೆ ಉಜ್ಕೊಂಡೆ" ಎಂದು ತಾತ ಬಲಗೈಯಿಂದ ಕಣ್ಣನ್ನು ತಿಕ್ಕಿ ತೋರಿಸಿದ. "ಆಮೇಲೆ ಹಿಂಗೆ ನಿನ್ನ ಚಮಚ ಹಿಡ್ಕೊಂಡೆ." ಅದೇ ಕೈಯನ್ನು ಗಾಳಿಯಲ್ಲಿ ಮುಷ್ಟಿ ಮಾಡಿದ. ಪಕ್ಕದಲ್ಲೇ ಕೂತಿದ್ದ ಅವನ ಹೆಂಡತಿ, "ನೀನು ಬಾಯಿ ಬಾಯಿ ಅಂತ ಒರೆಸ್ತಿದ್ಯಲ್ಲ ಪಿಕುಲ್, ಹಿಡಿ ಒರೆಸಿದ್ಯಾ?" ಎಂದು ಕೇಳಿದಳು.

ಪಿಕುಲ್ ಪುಸ್ತಕ ತೆರೆದು, ಕಣ್ಣು ಕೆಂಪಾದ ಕ್ರಮದಲ್ಲಿ ಬರೆದಿದ್ದ ಹೆಸರುಗಳನ್ನು ನೋಡಿದಳು. ಸೀಹಾ ತಾತ, ಅವನ ಹೆಂಡತಿ, ಪ್ರಸೋಂಗ್, ಪ್ರಸೋಂಗನ ತಂಗಿ. ಚಾಪೆಯ ಮೇಲೆ ಕೂತಿದ್ದವರು ಕೂತ ಕ್ರಮದಲ್ಲೇ ಹಾಳೆಯ ಮೇಲೂ ಸಾಲಾಗಿ ಕೂತಿದ್ದರು. ಹಿಡಿಯನ್ನು ಒಬ್ಬರಿಂದ ಇಸಿದುಕೊಂಡು ಇನ್ನೊಬ್ಬರ ಕೈಗೆ ತಪ್ಪದೆ ತಲುಪಿಸಿದವಳು ತಾನೇ. ಬುಧವಾರ ಆ ಚಮಚ ಹಿಡಿಯದವರೆಂದರೆ ತನ್ನ ತಾಯಿ ಮತ್ತು ಗಂಡ. ಅವರಿಬ್ಬರ ಕಣ್ಣು ತಾವರೆ ಕೊಳದ ನೀರಿನಷ್ಟು ತಿಳಿಯಾಗಿದ್ದವು. ನೀಲಿ ಟಾರ್ಚಿನ ಆಘಾತ ಇದರ ಮುಂದೆ ಏನೇನೂ ಅಲ್ಲ ಎನ್ನಿಸಿ ಅವಳು ಅಲ್ಲೇ ಕುಕ್ಕರಿಸಿದಳು. ಯಾಕೋ ಬಲಗಣ್ಣಿನ ಮೂಲೆಯಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು.

ಭಾನುವಾರ ಬೆಳಗ್ಗೆ ಕನ್ನಡಿ ಅನುಮಾನಕ್ಕೆ ಎಡೆಯಿಲ್ಲದಂತೆ ಮಾಡಿತು. ಪಿಕುಲ್ ತಣ್ಣೀರು ಹಾಕಿದಳು, ಬಿಸಿನೀರು ಹಾಕಿದಳು, ಕೊನೆಗೆ ಖಾಂಪಾನ್ ಸ್ಕೂಟರ್ ಓಡಿಸುವಾಗ ಹಾಕಿಕೊಳ್ಳುವ ಕಪ್ಪು ಕನ್ನಡಕ ಹಾಕಿಕೊಂಡಳು. ಇವತ್ತೊಂದು ದಿನ. ಒಂದೇ ಒಂದು ಸಲ ಮೂಸುವುದು. ಅದೂ ಉಸಿರು ಬಿಗಿಹಿಡಿದು. (ಉಸಿರು ಬಿಗಿಹಿಡಿದರೆ ಮೂಸುವುದು ಹೇಗೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ.)

"ಏನವ್ವ, ಸಿನಿಮಾದವರ ಥರ?" ಎಂದಳು ವಿಲಾವನ್ ಮೆಟ್ಟಿಲು ಹತ್ತುತ್ತಲೇ.

"ಬಿಸಿಲು ಕಣೆ."

"ಮೋಡ ಕವಿದಿದೆ" ಎಂದಿತು ಮೂಲೆಯ ಬಾಯಿ, ಎರಡು ದಿನದ ಮೌನ ಮುರಿದು.

ವಿಲಾವನ್ ನಗುತ್ತ ಬಟ್ಟೆ ಸರಿಸಿ ಕೂಸನ್ನು ತಾಯಿಯ ಕಡೆ ಚಾಚಿದಳು. ಹಾಲಿನ ವಾಸನೆ ಗಮ್ಮೆಂದಿತು. ಕೆನ್ನೆ ಫೋನಿನಲ್ಲಿ ಕಂಡದ್ದಕ್ಕಿಂತ ಎರಡರಷ್ಟಿತ್ತು. ಪಿಕುಲ್‌ಳ ಕೈ ತಾನಾಗಿಯೇ ಮುಂದೆ ಹೋಯಿತು. ಕೂಸು ನಿದ್ದೆಗಣ್ಣಲ್ಲಿ ಪುಟ್ಟ ಮುಷ್ಟಿ ಬಿಚ್ಚಿ ಗಾಳಿಯಲ್ಲಿ ಏನನ್ನೋ ಹುಡುಕಿತು, ಆಮೇಲೆ ಆ ಮುಷ್ಟಿಯನ್ನು ತನ್ನ ಕಣ್ಣಿಗೇ ಒತ್ತಿ ಉಜ್ಜಿಕೊಂಡಿತು. ಥೇಟು ಸೀಹಾ ತಾತನ ಹಾಗೆ.

ಪಿಕುಲ್ ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಕನ್ನಡಕ ತೆಗೆದಳು. ವಿಲಾವನ್ ಎರಡು ಹೆಜ್ಜೆ ಹಿಂದೆ ಸರಿದಳು.

"ಎರಡು ಮಾರು" ಎಂದಳು ಪಿಕುಲ್ ಸಣ್ಣ ದನಿಯಲ್ಲಿ. "ಇನ್ನೊಂದು ಹೆಜ್ಜೆ ಹಿಂದೆ ಹೋಗು. ಮಗೂನ ಅಜ್ಜಿ ಕೈಗೆ ಕೊಡು. ಅವಳ ಕಣ್ಣು ಚೆನ್ನಾಗಿದೆ." ಯಾರೂ ಮಾತಾಡುವ ಮೊದಲೇ ಏಣಿಮೆಟ್ಟಿಲು ಇಳಿದು ಮನೆಯ ಕೆಳಗೆ ಹೋಗಿ, ಮಗ್ಗದ ಪಕ್ಕದ ಬಿದಿರ ಮಂಚದ ಮೇಲೆ ಕೂತಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದು ಬೇನೆಗೋ ಬೇಸರಕ್ಕೋ ಅವಳಿಗೇ ಗೊತ್ತಾಗಲಿಲ್ಲ.

ಮೇಲೆ ಶಾಸ್ತ್ರ ಶುರುವಾಯಿತು. ಮಂತ್ರ ಕೇಳಿಸಿತು, ಕೂಸಿನ ಸಣ್ಣ ಕೆಮ್ಮು ಕೇಳಿಸಿತು, "ಅಯ್ಯೋ ಬಂಗಾರ" ಎಂಬ ಖಾಂಪಾನನ ದನಿ ಕೇಳಿಸಿತು. ಆಮೇಲೆ ಬಾವಿಯ ಹಗ್ಗಕ್ಕೆ ಕಟ್ಟಿದ ಬಕೆಟ್ಟೊಂದು ಕಿಟಕಿಯಿಂದ ತೂಗಾಡುತ್ತ ಕೆಳಗಿಳಿಯಿತು. ಒಳಗೆ ಅಂಟಕ್ಕಿ ಅನ್ನ, ಕಳಲೆ ಸಾರು, ಒಂದೆಳೆ ಬಿಳಿ ನೂಲು. ಜತೆಗೆ ಕೆಂಪು ರಿಬ್ಬನ್ನಿನ ಚಮಚ. ಅದರ ಹಿಡಿಗೆ ಬಿಳಿ ಪಟ್ಟಿ ಅಂಟಿಸಿ ಖಾಂಪಾನ್ ವಕ್ರವಕ್ರವಾಗಿ ಬರೆದಿದ್ದ: "ಪಿಕುಲ್ ಒಬ್ಬಳಿಗೆ ಮಾತ್ರ."

"ನೂಲು ನೀನೇ ಕಟ್ಕೋಬೇಕಂತೆ" ಎಂದು ಅವನು ಮೇಲಿನಿಂದ ಕೂಗಿದ. "ಮುಲಾಜಿಲ್ಲ ಅಂತ ಧ್ವನಿವರ್ಧಕದಲ್ಲೇ ಹೇಳಿದ್ಯಲ್ಲ."

ಒಂದೇ ಕೈಯಲ್ಲಿ ಮಣಿಕಟ್ಟಿಗೆ ನೂಲು ಕಟ್ಟಿಕೊಳ್ಳಲು ಒದ್ದಾಡುತ್ತಿರುವಾಗ ಅವಳ ತಲೆಯ ಮೇಲೆ ಹಲಗೆ ಕಿರುಗುಟ್ಟಿತು. ನೆಲದ ಎರಡು ಹಲಗೆಗಳ ಸಂದಿನಲ್ಲಿ ಬೆಳಕು ಮರೆಯಾಗಿ, ಎಲೆ ಅಡಿಕೆಯ ವಾಸನೆ ಬಂತು. ತುಮ್ಮಾ ಅಜ್ಜಿ ಮೇಲೆ ಬೋರಲು ಮಲಗಿದ್ದಳು.

"ಪಿಕುಲ್. ಇಲ್ಲಿಂದ ನಿನಗೆ ಎರಡು ಮಾರು ಆಗುತ್ತೇನೇ?"

ಪಿಕುಲ್ ಕತ್ತೆತ್ತಿ ಅಳತೆ ಮಾಡಿದಳು. "ಒಂದೂವರೆ ಇರಬಹುದು ಅವ್ವ."

"ಹಂಗಾದ್ರೆ ಬಗ್ಗಿ ಕೂತ್ಕೋ."

ಪಿಕುಲ್ ಬಗ್ಗಿದಳು. ಸಂದಿನಿಂದ ಗೊಣಗು ಮಂತ್ರ ಇಳಿಯಿತು, ಆಮೇಲೆ ಉಫ್ ಎಂದು ಬೆಚ್ಚಗಿನ ಗಾಳಿ ನೆತ್ತಿಗೆ ತಾಗಿತು. ಅದರ ಹಿಂದೆಯೇ ಒಂದು ಕೆಂಪು ಹನಿ ಹಣೆಯ ಮೇಲೆ ಬಿತ್ತು. ಕಣ್ಣೊರೆಸಿಕೊಳ್ಳಲೆಂದು ಇಟ್ಟುಕೊಂಡಿದ್ದ, ಕುದಿನೀರಿನಲ್ಲಿ ಅದ್ದಿದ ಬಟ್ಟೆ ಅವಳ ಮಡಿಲಲ್ಲೇ ಇತ್ತು. ಆರೋಗ್ಯ ಸ್ವಯಂಸೇವಕಿ ಅದನ್ನು ಮುಟ್ಟಲಿಲ್ಲ.

"ಮೂರು ಸಲ ಅಲ್ವಾ ಅವ್ವ ಊದೋದು" ಎಂದಳು. "ಇನ್ನೂ ಎರಡಿದೆ."