ಇಲ್ಲದ ಅತ್ತಿಗೆಯ ಮಂಡಿನೋವು

ಒಬ್ಬಂಟಿಯಾಗಿರುವವರಿಗೆ ಭಾನುವಾರ ಕಷ್ಟ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ನನ್ನನ್ನು ಕೇಳಿದರೆ ಭಾನುವಾರವನ್ನು ಹೇಗೋ ತಳ್ಳಿಬಿಡಬಹುದು. ತಲೆಗೆ ಎಣ್ಣೆ ಹಚ್ಚಿಕೊಳ್ಳಬಹುದು, ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯಬಹುದು, ಬೇಡವಾದರೂ ಮೂರನೇ ಸಲ ಕಾಫಿ ಮಾಡಬಹುದು. ನಿಜವಾದ ಕಷ್ಟ ಬರುವುದು ಸೋಮವಾರ ಬೆಳಿಗ್ಗೆ. ಚನ್ನಪಟ್ಟಣದ ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನ ನಾಗರತ್ನ ಬ್ಯಾಗು ಇಳಿಸುತ್ತಲೇ, "ಮೇಡಂ, ನಿನ್ನೆ ಏನ್ ಮಾಡಿದ್ರಿ?" ಎಂದು ಕೇಳುತ್ತಾಳೆ. ಪಾಪ, ಒಳ್ಳೆಯ ಹೆಂಗಸು. ಕೆಟ್ಟವಳಾಗಿದ್ದರೆ ಜಗಳವಾಡಿ ಮಾತು ಬಿಟ್ಟು ಆರಾಮಾಗಿ ಇರುತ್ತಿದ್ದೆ.

ನನಗೆ ಐವತ್ತೊಂದು. ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕತೆಯೇನೂ ಇಲ್ಲ. ಮುಂದೂಡುತ್ತ ಹೋದೆ, ಕೊನೆಗೆ ಕೇಳುವವರೂ ಕೇಳುವುದನ್ನು ಬಿಟ್ಟರು. ವರ್ಗವಾಗಿ ಈ ಊರಿಗೆ ಬಂದು ನಾಲ್ಕು ವರ್ಷ. ಮೊದಲ ಸೋಮವಾರ ನಾಗರತ್ನ ಕೇಳಿದಾಗ "ಏನೂ ಮಾಡಲಿಲ್ಲ" ಎಂದು ನಿಜವನ್ನೇ ಹೇಳಿದ್ದೆ. ಅವಳ ಮುಖದಲ್ಲಿ ಮೂಡಿದ ಕನಿಕರ ನನಗೆ ಸಹಿಸಲಾಗಲಿಲ್ಲ. ಮರುವಾರ "ಅಣ್ಣ ಅತ್ತಿಗೆ ಬಂದಿದ್ರು" ಎಂದೆ. ನನಗೆ ಅಣ್ಣನೇ ಇಲ್ಲ. ಒಮ್ಮೆ ಬಂದ ನೆಂಟರು ಮತ್ತೆ ಮತ್ತೆ ಬರಲೇಬೇಕಲ್ಲ. ಅವರಿಗೆ ಒಬ್ಬಟ್ಟು ಮಾಡಿ ಹಾಕಿದೆ, ಕೆಂಗಲ್ ಆಂಜನೇಯನ ದರ್ಶನ ಮಾಡಿಸಿದೆ. ಒಂದು ವಾರ ಅವರನ್ನು ಕರೆಸಿಕೊಳ್ಳಲು ನನಗೇ ಬೇಜಾರಾಗಿ, ಅತ್ತಿಗೆಗೆ ಮಂಡಿನೋವು, ಬರಲಿಲ್ಲ ಎಂದುಬಿಟ್ಟೆ. ಅಂದಿನಿಂದ ನಾಗರತ್ನಳಿಗೆ ಆ ಮಂಡಿಯದೇ ಚಿಂತೆ. ಎಕ್ಸ್‌ರೇ ಆಯಿತಾ, ಮೆಂತ್ಯ ನೆನೆಸಿ ಕೊಟ್ಟಿರಾ, ನೆಲದ ಮೇಲೆ ಕೂರಬಾರದು ಅಂತ ಹೇಳಿದಿರಾ? ನನಗೂ ಎರಡು ಮಂಡಿಗಳಿವೆ, ಮೆಟ್ಟಿಲು ಹತ್ತುವಾಗ ಎರಡೂ ಸದ್ದು ಮಾಡುತ್ತವೆ. ಅವುಗಳನ್ನು ಯಾರೂ ಹೀಗೆ ವಿಚಾರಿಸಿದ್ದಿಲ್ಲ. ಒಮ್ಮೊಮ್ಮೆ ಆ ಇಲ್ಲದ ಅತ್ತಿಗೆಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಸುಳ್ಳು ಹೇಳಿ ಹೇಳಿ ಸುಸ್ತಾಗಿ, ಸೋಮವಾರಕ್ಕೆ ಒಂದು ನಿಜವಾದ ಉತ್ತರ ಸಂಪಾದಿಸಬೇಕೆಂದು ಹೊರಟೆ. ವಾರಾಂತ್ಯದಲ್ಲಿ ಬೆಟ್ಟ ಹತ್ತುವ, ಗಿಡ ನೆಡುವ, ಕೆರೆ ಗುಡಿಸುವ ಜನರ ವಾಟ್ಸಾಪ್ ಗುಂಪೊಂದಕ್ಕೆ ಸೇರಿದೆ. ಮೊದಲ ವಾರ ರಾಮನಗರದ ಬೆಟ್ಟ. ಬೆಂಗಳೂರಿನಿಂದ ಬಂದಿದ್ದ ಹುಡುಗ ಹುಡುಗಿಯರು ಬಹಳ ಮರ್ಯಾದೆಯಿಂದ, "ಆಂಟಿ, ನೀವು ಇಲ್ಲೇ ಆರಾಮಾಗಿ ಕೂತ್ಕೊಳ್ಳಿ" ಎಂದು ತಪ್ಪಲಿನಲ್ಲಿ ಕೂರಿಸಿ ತಮ್ಮ ಏಳು ಬ್ಯಾಗುಗಳನ್ನು ಕಾಯಲು ಕೊಟ್ಟು ಹೋದರು. ನಾನೂ ಕೋತಿಗಳೂ ಮೂರು ಗಂಟೆ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದೆವು. ಇನ್ನೊಂದು ವಾರ ಕನಕಪುರದ ಕಡೆ ಗಿಡ ನೆಡಲು ಹೋದೆ. ಹನ್ನೊಂದು ಜನ ಸೇರಿ ಒಂದು ಹೊಂಗೆ ಗಿಡ ನೆಟ್ಟೆವು. ಫೋಟೋದಲ್ಲಿ ನನ್ನ ಮೊಣಕೈ ಬಂದಿದೆ.

ಮೂರನೆಯದು ಅಕ್ಕೂರಿನ ಹತ್ತಿರ ಕೆರೆ ಸ್ವಚ್ಛತೆ. ಬೆಳಿಗ್ಗೆ ಏಳಕ್ಕೆ ಎಂದು ಸಂದೇಶ ಬಂದಿತ್ತು, ಇಪ್ಪತ್ತು ಜನ ಹೆಬ್ಬೆರಳು ಎತ್ತಿದ್ದರು. ಕೆರೆಯ ಬಳಿ ಸೊಳ್ಳೆ ಇರುತ್ತವಲ್ಲ, ಕಿವಿಯಿಂದ ಪಾದದವರೆಗೆ ಸೊಳ್ಳೆ ಕ್ರೀಮು ಬಳಿದುಕೊಂಡು, ಟೋಪಿ, ಕೈಗವಸು ಸಮೇತ ಮೊದಲ ಬಸ್ಸಿಗೆ ಹೋದೆ. ಏಳಾಯಿತು, ಎಂಟಾಯಿತು. ಮೊಬೈಲು ತೆಗೆದು ನೋಡಿದರೆ ಹಿಂದಿನ ದಿನವೇ "ಮುಂದಿನ ವಾರ ಇಟ್ಟುಕೊಳ್ಳೋಣ" ಎಂದು ಹಾಕಿದ್ದಾರೆ. ಇಪ್ಪತ್ತು ಜನರೂ ಅದಕ್ಕೂ ಹೆಬ್ಬೆರಳು ಎತ್ತಿದ್ದಾರೆ. ನನಗೊಂದು ಫೋನು ಮಾಡಬೇಕೆಂದು ಒಬ್ಬರಿಗೂ ನೆನಪಾಗಿರಲಿಲ್ಲ. ವಾಪಸು ಬಸ್ಸಿಗೆ ಇನ್ನೂ ಹೊತ್ತಿತ್ತು. ಅಳುವ ಬದಲು ಪ್ಲಾಸ್ಟಿಕ್ ಆರಿಸತೊಡಗಿದೆ.

ಅರ್ಧ ಚೀಲ ತುಂಬಿರಬಹುದು. ಏರಿಯ ಕೆಳಗಿನ ಹಿಪ್ಪುನೇರಳೆ ತೋಟದಿಂದ ಒಬ್ಬ ಹೆಂಗಸು ಕೂಗಿದಳು. "ಅಕ್ಕೋ, ಒಬ್ಬರೇ ಏನ್ ಆಯ್ತಾ ಇದ್ದೀರಿ?" ಅವಳ ಹೆಸರು ಜಯಮ್ಮ. ವಿಷಯ ಹೇಳಿದೆ. ಕೇಳಿ ನಕ್ಕಳು, ಆಮೇಲೆ ತನ್ನ ಕಷ್ಟ ಹೇಳಿದಳು. "ನಮ್ಮನೇಲಿ ರೇಷ್ಮೆ ಹುಳ ಎಲ್ಲಾ ಒಟ್ಗೇ ಹಣ್ಣಾಗ್ಬುಟ್ಟವೆ ಕಣಕ್ಕ. ಬತ್ತೀವಿ ಅಂದೋರು ಕೈ ಕೊಟ್ರು. ಇವತ್ತೇ ಆಯ್ದು ಚಂದ್ರಿಕೆಗೆ ಬುಡ್ದಿದ್ರೆ ಕೆಟ್ಟೋಯ್ತವೆ. ಒಸಿ ಬತ್ತೀರಾ?"

ಹಣ್ಣಾದ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಒಂದೊಂದನ್ನೇ ಕೈಯಲ್ಲಿ ಎತ್ತಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ಎಷ್ಟು ಕೈಗಳಿದ್ದರೂ ಸಾಲದ ಕೆಲಸ. ಇದನ್ನೆಲ್ಲ ಆಮೇಲೆ ತಿಳಿದುಕೊಂಡೆ. ಆ ಕ್ಷಣಕ್ಕೆ ನನಗೆ ಕೇಳಿಸಿದ್ದು ಒಂದೇ, ಯಾರೋ ನನ್ನನ್ನು ಬಾ ಎಂದರು. ಚೀಲವನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೆಚ್ಚುಕಡಿಮೆ ಓಡಿದೆ.

ಹುಳುವಿನ ಮನೆಯ ಬಾಗಿಲಲ್ಲಿ ಜಯಮ್ಮನ ಗಂಡ ಮೂಗು ಅರಳಿಸಿದ. "ಏನೋ ಘಾಟು ಬತ್ತೈತಲ್ಲ?" ಜಯಮ್ಮ ನನ್ನ ತೋಳನ್ನು ಮೂಸಿದಳು. "ಅಯ್ಯೋ ಶಿವನೇ! ಏನಕ್ಕ ಬಳ್ಕಂಡಿದ್ದೀರಿ?" ಸೊಳ್ಳೆ ಕ್ರೀಮು ಎಂದೆ. "ಸೊಳ್ಳೆ ಓಡ್ಸೋದು ನಮ್ಮ ಹುಳ ಉಳ್ಸೀತಾ? ಆಚೆ ಬನ್ನಿ, ಆಚೆ ಬನ್ನಿ!" ತೊಟ್ಟಿಯ ಬಳಿ ಮೂರು ಸಲ ತೊಳೆದುಕೊಂಡೆ. ಎಂಟು ಗಂಟೆ ರಕ್ಷಣೆ ಎಂದು ಡಬ್ಬಿಯ ಮೇಲೆ ಬರೆದಿದ್ದರು. ಈ ಕಾಲದಲ್ಲಿ ಮಾತಿಗೆ ತಪ್ಪದ ವಸ್ತು ಅದೊಂದೇ ಇರಬೇಕು. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಎರಡು ಕೈಗಳು ಒಬ್ಬರಿಗೆ ಬೇಕಾಗಿದ್ದವು, ಅವತ್ತೇ ಅವು ಕೆಲಸಕ್ಕೆ ಬಾರದೆ ಹೋದವು.

ಹೊರಗೆ ಜಗಲಿಯ ಮೇಲೆ ಜಯಮ್ಮನ ಅತ್ತೆ ಕೂತಿದ್ದರು. "ನಿನ್ನೂ ಓಡುಸುದ್ರಾ? ಬಾ ಮಗಾ" ಎಂದರು. ಅವರು ಹೊಗೆಸೊಪ್ಪು ಹಾಕುವವರು. ಹುಳುಗಳಿಗೆ ಅದೂ ಆಗದು, ಹಾಗಾಗಿ ಅವರಿಗೂ ಒಳಗೆ ಪ್ರವೇಶವಿಲ್ಲ. "ನಲವತ್ ವರ್ಷ ನಾನೇ ಸಾಕಿದ್ದು. ಈಗ ನೋಡು, ಹುಳಕ್ಕೆ ಇರೋ ಮರ್ವಾದಿ ನಂಗಿಲ್ಲ" ಎಂದು ಉಗಿದು ನಕ್ಕರು. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದರು. "ಮನೇಲಿ ಯಾರ್‍ಯಾರವ್ರೆ?" ಬಾಯಿಗೆ ಅಣ್ಣ ಅತ್ತಿಗೆ ಬಂದಿದ್ದರು, ಅವರನ್ನು ನುಂಗಿಕೊಂಡು, "ಯಾರೂ ಇಲ್ಲ ಅಜ್ಜಿ, ಒಬ್ಬಳೇ" ಎಂದೆ. ಅಜ್ಜಿ ಕನಿಕರ ಪಡಲಿಲ್ಲ. "ಅಂಗಾದ್ರೆ ಮುಂದಿನ್ ಹುಳದ್ ಬೆಳೆಗೆ ಬಂದ್ಬುಡು. ಕೈಗೆ ಏನೂ ಬಳ್ಕಬ್ಯಾಡ" ಎಂದರು. ಜಯಮ್ಮ ನನ್ನ ನಂಬರನ್ನು "ಸೊಳ್ಳೆ ಮೇಡಮ್ಮ" ಎಂದು ಸೇವ್ ಮಾಡಿಕೊಂಡಳು. ಆ ಹೆಸರಿನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ.

ಅಂದಿನಿಂದ ಸೊಳ್ಳೆ ಕ್ರೀಮು, ಪೌಡರು, ಘಮಘಮ ತಲೆಯೆಣ್ಣೆ ಎಲ್ಲ ನಿಂತವು. ಸೀಗೆಪುಡಿಯಲ್ಲಿ ಸ್ನಾನ. ಸೊಳ್ಳೆಗಳಿಗೆ ನನ್ನ ಮನೆಯಲ್ಲಿ ಸುಗ್ಗಿಯೋ ಸುಗ್ಗಿ. ಪ್ರತಿ ಭಾನುವಾರ ಪಕ್ಕದಲ್ಲಿ ಮೊಬೈಲಿಟ್ಟುಕೊಂಡು, ಯಾವ ವಾಸನೆಯೂ ಇಲ್ಲದ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಹುಳುಗಳಿಗೆ ಕ್ಯಾಲೆಂಡರು ಗೊತ್ತಿಲ್ಲವಲ್ಲ, ಅವು ಹಣ್ಣಾದದ್ದು ಒಂದು ಬುಧವಾರ. ಹನ್ನೊಂದು ಗಂಟೆಗೆ, ನಾನು ಕಚೇರಿಯಲ್ಲಿರುವಾಗಲೇ ಫೋನು ಬಂತು. "ಮೇಡಮ್ಮ, ಬತ್ತೀರಾ?"

ಬತ್ತೀನಿ ಎಂದೆ, ಅವಳ ಭಾಷೆಯಲ್ಲೇ. ಆದರೆ ರಜೆಗೆ ಕಾರಣ ಬೇಕಲ್ಲ. ಹುಳು ಹಣ್ಣಾಗಿವೆ ಎಂದರೆ ಸಾಹೇಬರು ಏನೆಂದುಕೊಂಡಾರು? "ಅತ್ತಿಗೆಗೆ ಮಂಡಿನೋವು ಜಾಸ್ತಿಯಾಗಿದೆ ಸಾರ್" ಎಂದೆ. ಸಾಹೇಬರು ಬಿಟ್ಟರು. ನಾಗರತ್ನ ಬಿಡಲಿಲ್ಲ. ಬಾಗಿಲವರೆಗೆ ಓಡಿಬಂದು, ತನ್ನ ಬ್ಯಾಗಿನಿಂದ ನೋವಿನ ಮುಲಾಮಿನ ಡಬ್ಬಿ ತೆಗೆದು, "ಇದನ್ನ ಹಚ್ಚಿ ಮೇಡಂ, ಎಷ್ಟು ಖಡಕ್ಕಾಗಿದೆ ನೋಡಿ" ಎನ್ನುತ್ತ, ನಾನು ತಡೆಯುವಷ್ಟರಲ್ಲಿ ನನ್ನ ಎರಡು ಕೈಗಳಿಗೂ ಉಜ್ಜಿ, ಡಬ್ಬಿಯನ್ನು ನನ್ನ ಬ್ಯಾಗಿಗೆ ತುರುಕಿಬಿಟ್ಟಳು.

ಅಕ್ಕೂರಿನವರೆಗೆ ಕೈಗಳನ್ನು ಬಸ್ಸಿನ ಕಿಟಕಿಯಾಚೆ ಹಿಡಿದುಕೊಂಡೇ ಹೋದೆ. ಕಂಡಕ್ಟರು ಎರಡು ಸಲ ಬೈದ. ಜಯಮ್ಮ ಬಾಗಿಲಲ್ಲೇ ಮೂಸಿ, ಜಗಲಿಯ ಕಡೆ ಕೈ ತೋರಿಸಿದಳು. ಅಜ್ಜಿ ಒಸಿ ಸರಿದು ಜಾಗ ಬಿಟ್ಟರು. ಒಳಗೆ ಹತ್ತಾರು ಕೈಗಳ ಸದ್ದು, ಮಾತು, ನಗು. ಹೊರಗೆ ನಾನು ಅಜ್ಜಿಯ ಎರಡು ಮಂಡಿಗಳಿಗೂ ಮುಲಾಮು ಉಜ್ಜಿದೆ. ಕೈಗಳಿಗೆ ಅಷ್ಟಾದರೂ ಕೆಲಸ ಸಿಕ್ಕಿತು.

ಮರುದಿನ ನಾಗರತ್ನ, "ಮುಲಾಮು ಹಚ್ಚಿದ್ರಾ? ಏನಂದ್ರು?" ಎಂದು ಕೇಳಿದಳು. "ಹಾಯಾಯ್ತು ಅಂದ್ರು. ಮತ್ತೆ ಬಾ ಅಂದ್ರು" ಎಂದೆ. ಅಂದದ್ದು ಅಜ್ಜಿಯಾದರೂ, ಆ ಮೊದಲ ಸೋಮವಾರದ ನಂತರ ಅವಳಿಗೆ ಹೇಳಿದ ಮೊದಲ ನಿಜ. ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಮೇಡಂ, ಈ ಭಾನುವಾರ ನಿಮ್ಮನೆಗೆ ಬರ್ಲಾ? ಅತ್ತಿಗೇನೂ ನೋಡ್ದಂಗಾಗುತ್ತೆ. ನಮ್ಮನೇಲಿ ಭಾನುವಾರ ಬಂದ್ರೆ ಒಬ್ಬೊಬ್ರು ಒಂದೊಂದು ಮೂಲೇಲಿ ಮೊಬೈಲ್ ಹಿಡ್ಕೊಂಡು ಕೂತಿರ್ತಾರೆ. ನಂಗೆ ಹೊತ್ತೇ ಹೋಗಲ್ಲ" ಎಂದಳು.

ಪ್ರತಿ ಸೋಮವಾರ ಅವಳು ಯಾಕೆ ಕೇಳುತ್ತಿದ್ದಳು ಎಂಬುದು ಆಗ ಹೊಳೆಯಿತು. ಬನ್ನಿ ಎನ್ನಲು ಬಾಯಿ ತೆರೆದೆ. ತೋರಿಸಲು ಅತ್ತಿಗೆ ಎಲ್ಲಿದ್ದಾಳೆ? "ಈ ವಾರ ಅತ್ತಿಗೆ ಇರೋದಿಲ್ಲ, ನಾನೊಬ್ಬಳೇ" ಎಂದೆ.

"ಅಯ್ಯೋ, ಹಾಗಾದ್ರೆ ಅವರಿದ್ದಾಗಲೇ ಬರ್ತೀನಿ ಬಿಡಿ" ಎಂದು ನಾಗರತ್ನ ಕಡತ ಬಿಚ್ಚಿದಳು.