ಕ್ಲೌಡಿನಲ್ಲಿ ಕೊತ್ತಂಬರಿ

ನನ್ನಂಥವನ ಕೈಗೆ ಸ್ಮಾರ್ಟ್ ಫೋನ್ ಬಂದ ಮೇಲೆ ಜನರನ್ನು ನಗಿಸಲು ನಾನು ಬೇರೇನೂ ಮಾಡಬೇಕಾಗಿಲ್ಲ. ಏನಾದರೊಂದು ತಾನಾಗಿಯೇ ಆಗುತ್ತಿರುತ್ತದೆ.

೧. ಮನೆತನ ವಿಚಾರಣೆ

ರಾಯಚೂರಿನಲ್ಲಿ ಮನೆ, ಮಾನ್ವಿಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಸದ್ದು ಮಾಡುವುದು ಕುಕ್ಕರ್ ಒಂದೇ. ಅವಳ ದನಿ ಉಳಿದಿರುವುದು ಫೋನಿನ ವಾಯ್ಸ್ ಮೆಸೇಜುಗಳಲ್ಲಿ. ಆ ಫೋನೋ ಜಾಗ ಇಲ್ಲವೆಂದು ದಿನವೂ ಗೊಣಗುತ್ತಿತ್ತು. ಅದು ಕೆಟ್ಟು ಕೂತರೆ ಅವಳ ದನಿಯೂ ಹೋಗುತ್ತದೆಂದು ನನಗೆ ಭಯ. ದೇವದುರ್ಗದಿಂದ ನಮ್ಮ ಶಾಲೆಗೆ ಬರುವ ವಿಜ್ಞಾನದ ಮೇಡಂ, ಇಂಥವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಕಾದಿಡುವ ಕ್ಲೌಡ್ ಕಂಪನಿಗಳು ಮೂರ್ನಾಲ್ಕಿವೆ, ಒಂದನ್ನು ಆರಿಸಿಕೊಳ್ಳಿ ಎಂದರು. ಯಾವುದು ಹಳೆಯದು, ಯಾವುದು ಮುಚ್ಚಿಹೋಗುವುದಿಲ್ಲ, ಯಾರ ನಡತೆ ಹೇಗೆ ಎಂದು ವಾರವಿಡೀ ಅವರ ತಲೆ ತಿಂದೆ.

"ಸರ, ನೀವು ಫೈಲ್ ಇಡಾಕತ್ತೀರೋ, ಹೆಣ್ಣು ಕೊಡಾಕತ್ತೀರೋ?" ಎಂದರು.

೨. ಕುಟುಂಬದವರು

ಅಗ್ಗವೆಂದು ಒಂದು ಕಂಪನಿಯ ಫ್ಯಾಮಿಲಿ ಪ್ಲಾನ್ ಹಿಡಿದೆ. ಕುಟುಂಬದವರನ್ನು ಸೇರಿಸಿ ಎಂದು ಕೇಳಿತು. ನನ್ನ ಹೆಸರಿನ ಕೆಳಗಿನ ಖಾಲಿ ಜಾಗ ನೋಡಿ ಸಂಕಟವಾಯಿತು. ಎದುರುಮನೆಯ ಟೇಲರ್‌ನನ್ನು ಸೇರಿಸಿದೆ. ಸ್ವಲ್ಪ ದಿನಕ್ಕೇ 'ನಿಮ್ಮ ಕುಟುಂಬದ ಜಾಗ ತುಂಬಿದೆ' ಎಂದು ಬಂತು. ನೋಡಿದರೆ ಅವನ ತಂಗಿಯ ಮದುವೆ ವಿಡಿಯೋ, ಅರಿಷಿಣದಿಂದ ಹಿಡಿದು ಬೀಗರ ಊಟದವರೆಗೆ. ನನ್ನ ಹೆಂಡತಿಯ ಒಂದು ಮಾತೂ ಒಳಗೆ ಹೋಗಿರಲಿಲ್ಲ. ಹೋಗಿ ಕೇಳಿದೆ.

"ಕುಟುಂಬ ಅಂದಮ್ಯಾಲ ಜಾಗ ಸಾಲಂಗಿಲ್ರಿ ಸರ," ಎಂದ. "ನಮ್ಮ ಮನ್ಯಾಗ ನಾನ ಹೊರಗ ಮಲಗ್ತೀನಿ."

೩. ಕೊತ್ತಂಬರಿ

ಕೊನೆಗೆ ಒಬ್ಬನಿಗೇ ಸಾಲುವ ಇನ್ನೊಂದು ಕಂಪನಿ ಆರಿಸಿ, ಅವಳ ಮಾತುಗಳನ್ನೆಲ್ಲ ಏರಿಸಿದೆ. ಸಂಜೆ ಮಾನ್ವಿಯಿಂದ ಬರುವ ಬಸ್ಸಿನಲ್ಲಿ, ಸರಿಯಾಗಿ ಹೋಗಿವೆಯೋ ಇಲ್ಲವೋ ನೋಡೋಣವೆಂದು ಕಿವಿಗೆ ವೈರು ಸಿಕ್ಕಿಸಿಕೊಂಡು ಒಂದನ್ನು ಒತ್ತಿದೆ. ವೈರಿನ ಇನ್ನೊಂದು ತುದಿ ಫೋನಿಗೆ ಸಿಕ್ಕಿಸಿರಲೇ ಇಲ್ಲ.

"ಎಲ್ಲಿ ಅದೀರಿ? ಇವತ್ತೂ ಕೊತಂಬ್ರಿ ಮರತು ಬಂದ್ರ ಬಾಗಲಾ ತಗಿಯಂಗಿಲ್ಲ ನೋಡ್ರಿ."

ಇಡೀ ಬಸ್ಸು ನನ್ನತ್ತ ತಿರುಗಿತು. ಕಲ್ಲೂರು ಬಂದಾಗ ಕಂಡಕ್ಟರ್ ನನ್ನ ಹತ್ತಿರ ಬಂದ.

"ಸರ, ಇಳದು ತೊಗೊಂಡು ಬರ್ರಿ. ಬಸ್ ನಿಂದ್ರಸ್ತೀನಿ. ನಮ್ಮ ಮನ್ಯಾಗೂ ಇದ ಹಣೇಬರ ಅದ."

"ಎರಡು ಕಟ್ಟು ತೊಗೋ ಯಪ್ಪಾ," ಎಂದಳು ಮುಂದಿನ ಸೀಟಿನ ಮುದುಕಿ.

ಅವಳು ಇಲ್ಲ ಎಂದು ಅಷ್ಟು ಜನರಿಗೆ ಹೇಗೆ ಹೇಳುವುದು? ಹೇಳಲು ಮನಸ್ಸೂ ಬರಲಿಲ್ಲ. ಇಳಿದು ಎರಡು ಕಟ್ಟು ತಂದೆ. ಮನೆಗೆ ಬಂದು ನಾನೇ ಬೀಗ ತೆಗೆದು, ಕೊತ್ತಂಬರಿಯನ್ನು ಅಡುಗೆಕಟ್ಟೆಯ ಮೇಲೆ ಇಟ್ಟೆ.

ಮರುದಿನ ಅದೇ ಕಂಡಕ್ಟರ್ ಟಿಕೆಟ್ ಕೊಡುತ್ತಾ, "ಕೊತಂಬ್ರಿ ನೋಡಿ ಅಕ್ಕಾರು ಏನಂದ್ರು ಸರ?" ಎಂದು ಕೇಳಿದ.

"ಏನೂ ಅನ್ನಲಿಲ್ಲ," ಎಂದೆ.

"ಏನೂ ಅನ್ನಲಿಲ್ಲಾ?" ಎಂದು ಬೆರಗಾಗಿ ನನ್ನ ಪಕ್ಕದಲ್ಲೇ ಕೂತುಬಿಟ್ಟ. "ಭಾಳ ಪುಣ್ಯಾ ಮಾಡೀರಿ ಬಿಡ್ರಿ ಸರ."