ಹಸಿರು ಗೆರೆ ಮೇಲೆ ಹೋದರೆ ಒಳ್ಳೆಯದೇ?

ಸಿನಿಮಾ ನೋಡಿ ಬಂದವರು ಅಭಿಪ್ರಾಯ ಹೇಳಲೇಬೇಕು ಎಂಬ ನಿಯಮವನ್ನು ಯಾರು ಮಾಡಿದರೋ ನನಗೆ ಗೊತ್ತಿಲ್ಲ. ಮದುವೆ ಊಟ ಮುಗಿಸಿ ಬಂದವರನ್ನು ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎಂದು ಹೇಳಿ ಚಪ್ಪಲಿ ಬಿಡಬಹುದು. ಸಿನಿಮಾಕ್ಕೆ ಅಷ್ಟು ಸಾಲದು, ಕಾರಣ ಕೊಡಬೇಕು. ಅದರಲ್ಲೂ ಎರಡನೇ ಭಾಗವಾದರೆ ಮುಗಿದೇ ಹೋಯಿತು, ಮೊದಲನೆಯದರ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಅಳೆಯಬೇಕು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಂಗಡಿಯಿರುವ ನನ್ನ ತಂಗಿ ವಿಮಲಳಿಗೆ ಮಾತ್ರ ಈ ಕಷ್ಟವಿಲ್ಲ. "ಫಸ್ಟ್ ಪಾರ್ಟ್‌ನಷ್ಟಿಲ್ಲ ಬಿಡಕ್ಕ" ಎಂಬ ಒಂದು ಮಾತು ಅವಳ ಬಾಯಲ್ಲಿ ಸದಾ ಸಿದ್ಧವಾಗಿರುತ್ತದೆ. ಸಿನಿಮಾಕ್ಕೇ ಎಂದೇನಿಲ್ಲ. ನಮ್ಮ ಎರಡನೇ ಮಗಳ ಮದುವೆಯ ದಿನ ಎಲೆಯಡಿಕೆ ಹಾಕಿಕೊಳ್ಳುತ್ತಾ ಹೆಚ್ಚುಕಡಿಮೆ ಅದನ್ನೇ ಹೇಳಿದ್ದಳು. ಬೀಗರು ಪಕ್ಕದಲ್ಲೇ ಇದ್ದರು.

ಈಗ ನಾನು ಹೇಳಹೊರಟದ್ದು ಬ್ಯಾಂಕಿನ ಮೋಸದ ಕಥೆಯಿರುವ ಒಂದು ಸಿನಿಮಾದ ಎರಡನೇ ಭಾಗದ ವಿಷಯ. ಹೆಸರು ಹೇಳುವುದಿಲ್ಲ. ಆ ಹೀರೋನ ಅಭಿಮಾನಿಗಳು ಭದ್ರಾವತಿಯ ನಮ್ಮ ಜನ್ನಾಪುರದಲ್ಲೂ ಇದ್ದಾರೆ, ನಾನು ದಿನಾ ಅವರ ಮುಂದೆಯೇ ಹಾಲಿಗೆ ಹೋಗಬೇಕು. ಮೊದಲ ಭಾಗದಲ್ಲಿ ಒಬ್ಬ ಗುಮಾಸ್ತ ಸುಳ್ಳು ರಸೀದಿಗಳನ್ನು ಮಾಡಿ ದೊಡ್ಡ ಬ್ಯಾಂಕೊಂದಕ್ಕೆ ನೀರು ಕುಡಿಸುತ್ತಾನೆ. ನಮ್ಮ ಬೀದಿಯವರೆಲ್ಲ ಒಟ್ಟಾಗಿ ಅದನ್ನು ನೋಡಲು ಹೋಗಿದ್ದೆವು. ಇಂಟರ್ವಲ್ಲಿನಲ್ಲಿ ಯಾರಿಗೂ ತಲೆಬುಡ ತಿಳಿಯದೆ ಕೂತಿದ್ದಾಗ ನಮ್ಮವರು ಎದ್ದುನಿಂತು, ರಸೀದಿ ಎಲ್ಲಿ ಹುಟ್ಟಿತು, ಎಲ್ಲಿ ಸತ್ತಿತು ಎಂದು ಬಿಡಿಸಿ ಹೇಳಿದರು. ಅವರು ಭದ್ರಾವತಿಯಲ್ಲಿ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಹಿಂದಿನ ಸಾಲಿನ ಅಪರಿಚಿತರೂ ಕತ್ತು ಚಾಚಿ ಕೇಳಿಸಿಕೊಂಡರು. ಅಂದಿನಿಂದ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಬಿತ್ತು. ದುಡ್ಡಿನ ಕಥೆಯ ಸಿನಿಮಾ ಯಾವುದೇ ಬರಲಿ, ನಮ್ಮವರು ವಿವರಿಸುವವರೆಗೆ ಯಾರೂ ಅಭಿಪ್ರಾಯ ಹೇಳುವಂತಿಲ್ಲ.

ನಗಬೇಡಿ, ಇದು ನನಗೆ ಸಣ್ಣ ವಿಷಯವಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಇವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕರೆಂಟ್ ಬಿಲ್ಲನ್ನು ದೊಡ್ಡ ಮಗಳು ಗಂಡನ ಮನೆಯಿಂದಲೇ ಮೊಬೈಲಿನಲ್ಲಿ ಕಟ್ಟುತ್ತಾಳೆ. ನಾನು ಕೇಳುತ್ತಿದ್ದದ್ದೂ "ಕೊತ್ತಂಬರಿ ತಂದ್ರಾ?" ಅಷ್ಟೇ. ಮನುಷ್ಯ ಮನೆಯೊಳಗೆ ಸದ್ದು ಮಾಡದೆ ಓಡಾಡುವುದನ್ನು ಕಲಿತುಬಿಟ್ಟಿದ್ದರು, ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಆ ಸಿನಿಮಾ ಬಂದ ಮೇಲೆ ಬೆನ್ನು ನೆಟ್ಟಗಾಯಿತು. ಎದುರುಮನೆಯ ಸೆಲ್ವಿ, ಇಡ್ಲಿ ಮಾಡಿ ಮಾರುವವಳು, ದಾರಿಯಲ್ಲಿ ನಿಲ್ಲಿಸಿ "ಸಾರ್, ಮ್ಯೂಚುವಲ್ ಫಂಡ್ ಅಂದ್ರೆ ಏನು ಸಾರ್?" ಎಂದು ಕೇಳುತ್ತಿದ್ದಳು. ಎರಡನೇ ಭಾಗ ಬಿಡುಗಡೆಯಾದ ಸುದ್ದಿ ಬಂದಾಗ ಇವರು ತಮ್ಮ ಷರಟಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ನಮ್ಮ ದಾಂಪತ್ಯದಲ್ಲಿ ಅದು ಮೊದಲ ಸಲ.

ಬೀದಿಯವರೆಲ್ಲ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುವ ಪಕ್ಕದ ಮನೆಯ ಮಂಜಪ್ಪ ಅರ್ಧ ದಿನ ರಜೆ ಹಾಕಿ ದಾರಿಯಲ್ಲಿ ಹತ್ತಿಕೊಂಡ. ಸಿನಿಮಾ ಶುರುವಾಯಿತು. ಶುರುವಾದ ಸ್ವಲ್ಪ ಹೊತ್ತಿಗೇ ಇದು ಇವರ ಲೆಕ್ಕಕ್ಕೆ ಸಿಗುವ ಕಥೆಯಲ್ಲ ಎಂದು ನನಗೆ ಗೊತ್ತಾಯಿತು. ಈ ಸಲ ರಸೀದಿ ಇಲ್ಲ, ಫೈಲಿಲ್ಲ, ಬೀರುವಿಲ್ಲ. ಎಲ್ಲ ಕಂಪ್ಯೂಟರ್ ಪರದೆ. ಅದರ ಮೇಲೆ ಕೆಂಪು ಗೆರೆ, ಹಸಿರು ಗೆರೆ. ಮಾತೆಲ್ಲ ಅರ್ಧ ಇಂಗ್ಲಿಷು. ಓರೆಗಣ್ಣಿನಲ್ಲಿ ನೋಡಿದರೆ ನಮ್ಮವರು ಕನ್ನಡಕ ತೆಗೆದು ಒರೆಸುತ್ತಿದ್ದಾರೆ. ಆ ಒರೆಸುವಿಕೆ ನನಗೆ ಚೆನ್ನಾಗಿ ಗೊತ್ತು. ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಯಾವುದೋ ಕಷ್ಟದ ಪ್ರಶ್ನೆ ಕೇಳಿದ್ದಕ್ಕೂ ಹೀಗೇ ಒರೆಸಿದ್ದರು. ಅಪ್ಪ ಅದನ್ನು ವಿನಯ ಎಂದುಕೊಂಡು ಮದುವೆಗೆ ಒಪ್ಪಿದ್ದು ಬೇರೆ ಮಾತು.

ಇಂಟರ್ವಲ್ ಆಯಿತು, ದೀಪ ಹತ್ತಿತು. ನಮ್ಮ ಸಾಲು ಪೂರ್ತಿ ಇವರ ಕಡೆ ತಿರುಗಿತು. "ಸಾರ್, ಆ ಹಸಿರು ಗೆರೆ ಸರ್ರಂತ ಮೇಲೆ ಹೋಯ್ತಲ್ಲ, ಒಳ್ಳೇದಾ ಕೆಟ್ಟದ್ದಾ?" ಎಂದಳು ಸೆಲ್ವಿ.

"ಮೇಲೆ ಹೋದ್ರೆ ಒಳ್ಳೇದೇ ಅಲ್ವೇನಮ್ಮ" ಎಂದರು ಇವರು.

"ಮತ್ತೆ ಹೀರೋ ಗೋಳೋ ಅಂತ ಅಳ್ತಾ ಇದ್ನಲ್ಲ ಸಾರ್?" ಎಂದ ಮಂಜಪ್ಪ.

ಇವರು ಒಂದು ಕ್ಷಣ ಪಾಪ್‌ಕಾರ್ನ್ ಪೊಟ್ಟಣದೊಳಗೆ ನೋಡಿದರು. "ಅದು ಆನಂದಬಾಷ್ಪ."

ನಾನು ನೀರಿನ ಬಾಟಲಿಯನ್ನು ಬಾಯಿಗಿಟ್ಟುಕೊಂಡೆ. ಒಂದು ಸುಳ್ಳು ಹೇಳಿದ ಮೇಲೆ ಉಳಿದ ಸಿನಿಮಾವನ್ನೂ ಅದಕ್ಕೆ ಹೊಂದಿಸಬೇಕಲ್ಲ! ಇವರ ಪ್ರಕಾರ ಹೀರೋ ಮನೆ ಬಿಟ್ಟು ಹೊರಟದ್ದು ಅದಕ್ಕಿಂತ ದೊಡ್ಡ ಮನೆಗೆ. ಹೆಂಡತಿ ತವರಿಗೆ ಹೋದದ್ದು ಬಾಣಂತನಕ್ಕೆ. ಕೊನೆಗೆ ಪೊಲೀಸರು ಬಂದು ಜೀಪು ಹತ್ತಿಸಿಕೊಂಡಾಗ ಸೆಲ್ವಿ ಬಾಯಿ ತೆರೆಯುವ ಮೊದಲೇ ಇವರು, "ಅಷ್ಟು ದುಡ್ಡಿರೋನಿಗೆ ರಕ್ಷಣೆ ಬೇಡ್ವಾ?" ಎಂದರು. ಹೀಗಾಗಿ ಜನ್ನಾಪುರದ ನಮ್ಮ ಬೀದಿಯ ಒಮ್ಮತದ ಅಭಿಪ್ರಾಯ ಏನೆಂದರೆ, ಎರಡನೇ ಭಾಗ ಮೊದಲನೆಯದಕ್ಕಿಂತ ಚೆನ್ನಾಗಿದೆ, ಮನೆಮಂದಿಯೆಲ್ಲ ಕೂತು ನೋಡಬಹುದು, ಕೊನೆ ಸುಖಾಂತ. ವಾಪಸು ಬರುವ ಬಸ್ಸಿನಲ್ಲಿ ಯಾರೋ "ಎಂಥ ಗೋಳು ಪಿಕ್ಚರ್ ಮಾರಾಯ, ತಲೆನೋವು ಬಂತು" ಎಂದದ್ದು ಕಿವಿಗೆ ಬಿದ್ದಾಗ ನಾನು ಕಿಟಕಿಯಾಚೆ ನೋಡಿದೆ.

ಬಂತಲ್ಲ ಒಂದು ಭಾನುವಾರ. ವಿಮಲ ಊಟಕ್ಕೆ ಬಂದಳು. ಸೆಲ್ವಿ ಚಟ್ನಿಪುಡಿ ಕೊಡಲು ಬಂದವಳು ಹೊಸ್ತಿಲ ಹತ್ತಿರ ಕೂತಿದ್ದಳು, ಮಂಜಪ್ಪ ನಮ್ಮ ಮಿಕ್ಸಿ ರಿಪೇರಿ ಮಾಡುತ್ತಿದ್ದ. ತಟ್ಟೆಯ ಮುಂದೆ ಕೂತ ವಿಮಲ ಶುರುಮಾಡಿದಳು. "ಸೆಕೆಂಡ್ ಪಾರ್ಟ್ ನೋಡಿದ್ರಂತೆ ಭಾವ? ಫಸ್ಟ್ ಪಾರ್ಟ್‌ನಷ್ಟಿಲ್ಲ. ಪಾಪ, ಹೀರೋ ಬೀದಿಗೆ ಬಿದ್ದುಬಿಟ್ಟ."

"ಬೀದಿಗೆ ಬೀಳಲಿಲ್ಲ, ದೊಡ್ಡ ಮನೆಗೆ ಹೋದ" ಎಂದೆ ನಾನು.

"ಯಾವ ದೊಡ್ಡ ಮನೆ? ಜೈಲಾ? ಷೇರು ಬೀಳುತ್ತೆ ಅಂತ ಪಂಥ ಕಟ್ಟಿದ್ದ, ಏರಿಬಿಡ್ತು, ಮುಳುಗಿದ. ಗಾಂಧಿ ಬಜಾರ್‌ನಲ್ಲಿ ನಮ್ಮ ಅಂಗಡಿಗೆ ಬರೋರೆಲ್ಲ ಅದನ್ನೇ ಹೇಳ್ತಾರೆ."

"ಗಾಂಧಿ ಬಜಾರ್‌ನೋರಿಗೆ ಏನು ಗೊತ್ತು? ನಾನು ಕಣ್ಣಾರೆ ನೋಡಿದ್ದೀನಿ. ಅವನು ಗೆದ್ದ. ಅತ್ತದ್ದು ಸಂತೋಷಕ್ಕೆ!" ದನಿ ಏರಿತು. ಒಡಹುಟ್ಟಿದವಳ ತಟ್ಟೆಗೆ ಸಾರು ಬಡಿಸುವುದನ್ನೂ ನಿಲ್ಲಿಸಿದೆ. ಇವರ ಮುಖವನ್ನು ನೋಡುವ ಧೈರ್ಯವೇ ನನಗಿರಲಿಲ್ಲ. ಎಲ್ಲರೆದುರು ಈ ಮನುಷ್ಯನ ಬೆನ್ನು ಮತ್ತೆ ಬಾಗಿದರೆ ನೆಟ್ಟಗೆ ಮಾಡುವ ಶಕ್ತಿ ನನಗಿಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಇವರು ಮಜ್ಜಿಗೆಯ ಲೋಟ ಕೆಳಗಿಟ್ಟರು. "ಬಿಡೇ ಮಾರಾಯ್ತಿ, ಅವಳಿಗ್ಯಾಕೆ ಬೈತೀಯ. ನನಗೆ ಆ ಸಿನಿಮಾ ಅರ್ಥ ಆಗಲಿಲ್ಲ. ಒಂದಕ್ಷರವೂ ಆಗಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ."

ಮಂಜಪ್ಪ ಮಿಕ್ಸಿಯಿಂದ ತಲೆ ಎತ್ತದೆ ಹೇಳಿದ. "ಗೊತ್ತಿತ್ತು ಸಾರ್. ಇಂಟರ್ವಲ್‌ನಲ್ಲೇ ಮೊಬೈಲ್‌ನಲ್ಲಿ ನೋಡಿದ್ದೆ."

"ನಮಗೂ ಇವನೇ ಹೇಳಿದ್ದು" ಎಂದಳು ಸೆಲ್ವಿ. "ಆದ್ರೆ ಸಾರ್, ಅವರ ಕಥೇಲಿ ಎಲ್ಲಾ ಅಳೋದೇ. ನಿಮ್ಮ ಕಥೆ ಚೆನ್ನಾಗಿತ್ತು. ಟಿಕೆಟ್ ದುಡ್ಡು ವಸೂಲಾಗಿದ್ದು ಅದ್ರಿಂದ್ಲೇ. ಅಕ್ಕ ಒಬ್ರೇ ಪೂರ್ತಿ ನಂಬಿಬಿಟ್ಟಿದ್ರಲ್ಲ, ಅವರಿಗೆ ಬೇಜಾರಾಗ್ಬಾರ್ದು ಅಂತ ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ವಿ."

ನಮ್ಮವರು ನಕ್ಕರು. ಎಷ್ಟೋ ದಿನದಿಂದ ಕೇಳದ ನಗು, ಭುಜ ಕುಣಿಯುವ ಹಾಗೆ. ಅವರ ಬೆನ್ನಿಗೆ ಏನೂ ಆಗಲಿಲ್ಲ. ಇಷ್ಟು ದಿನ ಕೋಟೆ ಕಾಯುವವಳ ಹಾಗೆ ನಿದ್ದೆಗೆಟ್ಟವಳು ನಾನು, ಬೀದಿಯವರೆಲ್ಲ ಸೇರಿ ಕಾಯುತ್ತಿದ್ದದ್ದು ನನ್ನನ್ನು! ಸೆರಗಿನಲ್ಲಿ ಕೈ ಒರೆಸಿಕೊಂಡೆ.

ವಿಮಲ ಬಿಡುವವಳಲ್ಲ. "ಭಾವನ ವಿಷಯ ಹಾಗಿರಲಿ. ಅಕ್ಕಾ, ನೀನು ಕಣ್ಣಾರೆ ನೋಡಿದ್ದೀನಿ ಅಂದ್ಯಲ್ಲ, ಹೀರೋ ಎಲ್ಲಿ ಎಡವಿದ ಅನ್ಸುತ್ತೆ ನಿಂಗೆ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಹೀರೋನ ಷರಟಿನ ಬಣ್ಣವೂ ನೆನಪಿಗೆ ಬರಲಿಲ್ಲ. ಆ ಗೆರೆಗಳು ಬಂದಾಗಿನಿಂದ ಜೀಪು ಹೊರಡುವವರೆಗೆ ನಾನು ನೋಡಿದ್ದು ಪಕ್ಕದ ಕುರ್ಚಿಯಲ್ಲಿದ್ದ ಇವರ ಮುಖವನ್ನು ಮಾತ್ರ.

"ಫಸ್ಟ್ ಪಾರ್ಟ್‌ನಷ್ಟಿಲ್ಲ ಬಿಡು" ಎಂದು ಹೇಳಿ, ತಂಗಿಯ ತಟ್ಟೆಗೆ ಸಾರು ಬಡಿಸಿದೆ.